ಅಂಟಿಸಿದ ಲಕೋಟೆಯೊಳಗಿನ ನಡೆ

ಇದು ನನ್ನ ಚಿಕ್ಕಮ್ಮನ ಮಗಳಿಗೆ ಆದದ್ದು. ಅವಳು ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವವಳು. ಸುಳ್ಳು ಹೇಳುವ ಜಾಯಮಾನ ನಮ್ಮ ಮನೆತನದ್ದಲ್ಲ.

ರಾತ್ರಿ ಹತ್ತೂವರೆ. ಚೆಸ್ ಪಂದ್ಯವನ್ನು ಅರ್ಧಕ್ಕೆ ನಿಲ್ಲಿಸಿ, ಉಳಿದದ್ದು ನಾಳೆಗೆಂದು ಒಬ್ಬಳೇ ಮನೆಗೆ ನಡೆದು ಬರುತ್ತಿದ್ದಳು. ಎದುರಾಳಿ ಚಾಂಪಿಯನ್. ಇವಳು ಪಟ್ಟಿಯ ಕೊನೆಯವಳು. ಅರ್ಧ ಅಂಕವಾದರೂ ಸಿಗದಿದ್ದರೆ ನಾಳೆಯೇ ತಂಡದಿಂದ ಹೊರಗೆ. ನಿಯಮದಂತೆ ತನ್ನ ಮುಂದಿನ ನಡೆಯನ್ನು ಯಾರಿಗೂ ತೋರಿಸದೆ ಚೀಟಿಯಲ್ಲಿ ಬರೆದು, ಲಕೋಟೆಯಲ್ಲಿಟ್ಟು ಅಂಟಿಸಿ ಕೊಟ್ಟಿದ್ದಳು. ತೀರ್ಪುಗಾರರು ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು.

"ನಾಳೆ ಸುಮ್ನೆ ಯಾಕಮ್ಮ ಬರ್ತೀಯ? ಈಗಲೇ ಸೋಲು ಒಪ್ಕೊಂಡ್ರೆ ಇಬ್ಬರಿಗೂ ನಿದ್ದೆ," ಎಂದಿದ್ದ ಚಾಂಪಿಯನ್.

"ನಿದ್ದೆ ಬಂದ್ರೆ ನೀವು ಮಲಗಿ ಸಾರ್. ನನ್ನ ರಾಜ ಮಲಗಲ್ಲ."

ದಾರಿಯಲ್ಲಿದ್ದ ಹಳೆಯ ಬಾವಿಯ ಹತ್ತಿರ ಬಂದಳು. ಕಿರ್ರ್... ರಾಟೆ ತಿರುಗಿತು. ಅದಕ್ಕೆ ಹಗ್ಗವೇ ಇರಲಿಲ್ಲ. ಆಮೇಲೆ ಟಿಕ್... ಟಿಕ್... ಬಾವಿಯೊಳಗಿನಿಂದ ಚೆಸ್ ಗಡಿಯಾರದ ಸದ್ದು.

"ಕಾಲಾಳು ಅಂತ ಬರೆದಿದ್ದೀಯಲ್ಲ... ತಪ್ಪು, ಮಗಳೇ."

ಕಿವಿಯ ಹಿಂದೆಯೇ ಪಿಸುಮಾತು. ದನಿಯ ಗುರುತು ಸಿಕ್ಕಿತು. ಅವಳಿಗೆ ಆಟ ಕಲಿಸಿದ ಚೆಸ್ ಮೇಷ್ಟ್ರು... ಶಿಷ್ಯರ ಬೆನ್ನ ಹಿಂದೆ ನಿಂತು ನಡೆ ಹೇಳಿಕೊಡುವುದು ಅವರ ಚಟ. ಅವರು ಇದೇ ಬಾವಿಗೆ ಬಿದ್ದು ತೀರಿಕೊಂಡು ನಾಲ್ಕು ವರ್ಷವಾಗಿತ್ತು.

"ಆನೆ ನಡೆಸು... ಗೆಲ್ತೀಯ. ಹೂಂ ಅನ್ನು ಸಾಕು. ಲಕೋಟೆ ನಾನು ನೋಡ್ಕೋತೀನಿ."

ಗೆಲುವು... ತಂಡದಲ್ಲಿ ಜಾಗ... ಒಂದೇ ಒಂದು ಹೂಂ. ಅವಳು ಹಿಂತಿರುಗಿ ಮಾತ್ರ ನೋಡಲಿಲ್ಲ.

"ಊಹೂಂ, ಮೇಷ್ಟ್ರೇ. ಕಟ್ಟಿಕೊಟ್ಟ ಬುತ್ತಿ, ಹೇಳಿಕೊಟ್ಟ ಮಾತು ಎಷ್ಟು ದಿನ ಬರುತ್ತೆ? ಸೋತರೂ ನನ್ನ ಕೈಬರಹದಲ್ಲೇ ಸೋಲ್ತೀನಿ."

"ಹಠಮಾರಿ..."

"ನೀವೇ ಕಲಿಸಿದ್ದು."

ಗಡಿಯಾರ ನಿಂತಿತು. ಅವಳು ಓಡಲಿಲ್ಲ. ನಡೆದೇ ಮನೆ ಸೇರಿದಳು.

ಬೆಳಿಗ್ಗೆ ಲಕೋಟೆ ಒಡೆಯುವ ಮುನ್ನ ಅದರ ಅಂಚನ್ನು ಸವರಿ ನೋಡಿದಳು. ಆವಿ ಹಿಡಿದು ಬಿಚ್ಚಿ ಮತ್ತೆ ಅಂಟಿಸಿದ್ದರೆ ಅವಳ ಬೆರಳಿಗೆ ತಕ್ಷಣ ಗೊತ್ತಾಗುತ್ತದೆ. ಯಾರೂ ಬಿಚ್ಚಿರಲಿಲ್ಲ. ತೀರ್ಪುಗಾರರು ಚೀಟಿಯನ್ನು ಎರಡು ಸಲ ಓದಿ, ಅವಳ ಮುಖ ನೋಡಿ, ಕಾಲಾಳನ್ನು ಒಂದು ಮನೆ ಮುಂದಿಟ್ಟರು.

ಐದು ಗಂಟೆ ಆಡಿದಳು. ಕೊನೆಗೆ ಚಾಂಪಿಯನ್ನೇ ಬೆವರು ಒರೆಸಿಕೊಂಡು ಕೈ ಚಾಚಿದ. "ಡ್ರಾ ಮಾಡ್ಕೊಳ್ಳೋಣಮ್ಮ."

ಅರ್ಧ ಅಂಕ. ತಂಡದಲ್ಲಿ ಉಳಿದಳು.

ಆ ಚೀಟಿಯನ್ನು ನಾನೇ ಕನ್ನಡಕ ಹಾಕಿಕೊಂಡು ನೋಡಿದ್ದೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು, ನಡೆದದ್ದು ನಡೆದದ್ದೇ. ಅವಳ ಅಕ್ಷರದ ಕೆಳಗೆ, ಬೇರೊಂದು ಕೈಬರಹದಲ್ಲಿ, 'ಆನೆ' ಎಂದಿತ್ತು. ಅದರ ಮೇಲೆ ಒಂದು ನೇರವಾದ ಗೆರೆ ಎಳೆದು ಹೊಡೆದುಹಾಕಲಾಗಿತ್ತು.