ಬಲಗೆನ್ನೆಗೆ ಬಿದ್ದ ಏಟಿನ ವಿಚಾರ

ಹೇಳಿಕೆ ಕೊಟ್ಟವರು: ದೇವೀರಮ್ಮ ಕೋಂ ಲೇಟ್ ನಂಜುಂಡ, ವಯಸ್ಸು 59 ವರ್ಷ, ಕಸುಬು ವ್ಯವಸಾಯ ಮತ್ತು ಮನೆಗೆಲಸ, ವಾಸ ಹೆಗ್ಗದ್ದೆ ಗ್ರಾಮ, ಸಕಲೇಶಪುರ ತಾಲ್ಲೂಕು, ಹಾಸನ ಜಿಲ್ಲೆ. ಸದ್ಯ ಸಕಲೇಶಪುರದ ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಒಳರೋಗಿ.

ನನ್ನ ತಮ್ಮ ಜವರಯ್ಯ ಕೊಟ್ಟಿರುವ ದೂರಿನ ಬಗ್ಗೆ ವಿಚಾರಿಸಲು ಬಂದ ಹೆಡ್ ಕಾನ್ಸ್‌ಟೇಬಲ್ ರವರ ಮುಂದೆ, ಪೂರ್ಣ ಎಚ್ಚರವಾಗಿದ್ದು, ಯಾರ ಒತ್ತಾಯವೂ ಇಲ್ಲದೆ ನಾನು ಹೇಳಿ ಬರೆಸುತ್ತಿರುವುದು ಇಷ್ಟು. ದವಡೆ ಊದಿರುವುದರಿಂದ ನಿಧಾನವಾಗಿ ಹೇಳುತ್ತೇನೆ. ಹೇಳಿದ್ದನ್ನು ಹೇಳಿದ ಹಾಗೇ ಬರೆಯಬೇಕು, ತಿದ್ದಿ ಚೆಂದ ಮಾಡಬಾರದು ಎಂದು ಮೊದಲೇ ಕೇಳಿಕೊಂಡಿದ್ದೇನೆ.

ನನ್ನ ಮಗ ದೇವೇಂದ್ರ ನಮ್ಮೂರ ಹತ್ತಿರದ ಎಸ್ಟೇಟ್ ಒಂದರಲ್ಲಿ ಪಿಕಪ್ ಡ್ರೈವರ್. ಮೂರು ವರ್ಷದ ಕೆಳಗೆ ಅವನಿಗೆ ಬಿಸಿಲೆಯ ಹುಡುಗಿ ಚೈತ್ರಶ್ರೀಯನ್ನು ತಂದುಕೊಂಡೆವು. ಹೆಣ್ಣು ನೋಡಲು ಹೋದಾಗ ಕಾಫಿ ಲೋಟವನ್ನು ಬಲಗೈಯಲ್ಲೇ ಕೊಟ್ಟಳು. ಮನೆಗೆ ಬಂದ ಮೇಲೆ ಗೊತ್ತಾಯಿತು, ಅವಳು ಎಡಚಿ. ಕತ್ತಿ ಹಿಡಿಯುವುದು, ಪೊರಕೆ ಹಿಡಿಯುವುದು, ರೊಟ್ಟಿ ತಟ್ಟುವುದು ಎಲ್ಲವೂ ಎಡಗೈ. ಊಟ ಮತ್ತು ಪೂಜೆ ಮಾತ್ರ ಅವರಮ್ಮ ಹೊಡೆದು ಕಲಿಸಿದ್ದರಿಂದ ಬಲಗೈಯಲ್ಲಿ ಮಾಡುತ್ತಾಳೆ. ನನಗೆ ಅದು ಹಿಡಿಸಲಿಲ್ಲ, ಇವತ್ತಿಗೂ ಪೂರ್ತಿ ಹಿಡಿಸಿಲ್ಲ. ಪೊಲೀಸರ ಮುಂದೆ ಅದನ್ನು ಮುಚ್ಚಿಡುವುದು ಏಕೆ? ಎಡಗೈಯಲ್ಲಿ ಸಾರು ಬಡಿಸಿದರೆ ನಾನು ತಟ್ಟೆ ಎಳೆದುಕೊಳ್ಳುತ್ತಿದ್ದೆ. ಒಂದು ಸಲ ಅವಳೂ ಸುಮ್ಮನಿರಲಿಲ್ಲ. ನಮ್ಮ ತೋಟಕ್ಕೆ ಬರುವ ಸಲಗಕ್ಕೆ ಎಡದ ದಂತ ಸವೆದು ಮೋಟಾಗಿದೆ, ಅದು ಬಗೆಯುವುದು, ಸಿಗಿಯುವುದು ಎಲ್ಲ ಆ ದಂತದಲ್ಲೇ ಎಂದು ಕಾಡಿನ ವಾಚರುಗಳು ಹೇಳುತ್ತಾರೆ. ಅದನ್ನಿಟ್ಟುಕೊಂಡು ಅವಳು, "ಆನೆ ಎಡಚ ಆದ್ರೆ ಕೈ ಮುಗೀತೀರ, ನಾನಾದ್ರೆ ತಟ್ಟೆ ಎಳ್ಕೊತೀರ ಅಲ್ವಾ ಅತ್ತೆ" ಎಂದಳು. ಮೂರು ದಿನ ನಾನು ಮಾತು ಬಿಟ್ಟಿದ್ದೆ.

ನಮ್ಮ ಮನೆಯಲ್ಲಿ ಚುಕ್ಕಿ ಎಂಬ ಹಸು ಇದೆ. ಅದನ್ನು ಕರುವಿನಿಂದ ಸಾಕಿದವಳು ಚೈತ್ರಶ್ರೀ. ಗಬ್ಬವಾದಾಗಿನಿಂದ ದಿನವೂ ಕೆಚ್ಚಲು ನೀವಿ ರೂಢಿ ಮಾಡಿದವಳೂ ಅವಳೇ. ಇಲ್ಲಿ ಒಂದು ವಿಷಯ ಸರಿಯಾಗಿ ಬರೆದುಕೊಳ್ಳಬೇಕು, ಏಕೆಂದರೆ ಪ್ರಕರಣವೆಲ್ಲ ಇದರ ಮೇಲೆ ನಿಂತಿದೆ. ನಮ್ಮ ಕಡೆ ಹಾಲು ಕರೆಯುವವರು ಹಸುವಿನ ಎಡಪಕ್ಕೆಗೆ ಕೂರುತ್ತೇವೆ. ಹಾಗೆ ಕೂತರೆ ಹಸುವಿನ ತಲೆ ನಮ್ಮ ಎಡಕ್ಕೆ, ಹಿಂಗಾಲು ನಮ್ಮ ಬಲಕ್ಕೆ ಬರುತ್ತದೆ. ಚೈತ್ರಶ್ರೀ ಆಚೆ ಬದಿಗೆ, ಬಲಪಕ್ಕೆಗೆ ಕೂರುತ್ತಾಳೆ. ಅವಳ ಕೈಗೆ ಅದೇ ಅನುಕೂಲ. ಚುಕ್ಕಿಗೆ ಎಡಪಕ್ಕೆಯಲ್ಲಿ ಮನುಷ್ಯರು ಕೂತು ಗೊತ್ತೇ ಇಲ್ಲ. ಮಲಗುವಾಗಲೂ ಅದು ಎಡಪಕ್ಕೆಯನ್ನು ನೆಲಕ್ಕೆ ಕೊಟ್ಟೇ ಮಲಗುವುದು.

ಚುಕ್ಕಿ ಈ ತಿಂಗಳ ಮೊದಲಲ್ಲಿ ಹೆಣ್ಣುಕರು ಹಾಕಿತು. ನಮ್ಮ ಮನೆಯ ಪದ್ಧತಿಯಂತೆ ಕರು ಹಾಕಿದ ಹನ್ನೊಂದನೇ ದಿನದ ಹಾಲನ್ನು ಹಿತ್ತಲಿನ ಹುತ್ತಕ್ಕೆ ಎರೆದು, ಆಮೇಲೆ ಮನೆಯವರು ಹಾಲು ಮುಟ್ಟುವುದು. ಆ ಹಾಲನ್ನು ಎಡಗೈಯಲ್ಲಿ ತಂಬಿಗೆ ಹಿಡಿದು, ಬಲಗೈಯಲ್ಲಿ ಮಾತ್ರ ಕರೆಯಬೇಕು. ನನ್ನ ಅತ್ತೆ ನನಗೆ ಹಾಗೆ ಹೇಳಿಕೊಟ್ಟಿದ್ದರು.

ದಿನಾಂಕ 14-11-2024ರ ಗುರುವಾರ ಬೆಳಿಗ್ಗೆ ಸುಮಾರು ಆರೂವರೆಗೆ ಚೈತ್ರಶ್ರೀ ತಂಬಿಗೆ ತೊಳೆದುಕೊಂಡು ಕೊಟ್ಟಿಗೆಗೆ ಬಂದಳು. ನಾನು ಹಿಂದೆಯೇ ಹೋಗಿ, "ದೇವ್ರಿಗೆ ಎರೆಯೋ ಹಾಲು ಕಣೇ. ಆ ಕೈ ಹಾಕ್ಬೇಡ, ತೆಗಿ" ಎಂದೆ. ಮೆಲ್ಲಗೆ ಹೇಳಲಿಲ್ಲ, ಕೂಗಿಯೇ ಹೇಳಿದೆ. ಬೇಲಿಯಾಚೆ ಪಾತ್ರೆ ಬೆಳಗುತ್ತಿದ್ದ ಗಂಗಾಮಣಿಗೂ ಕೇಳಿಸಿದೆ. ಚೈತ್ರಶ್ರೀ ತನ್ನ ಜಾಗದಲ್ಲೇ ಕೂತು ಬಲಗೈಯಲ್ಲಿ ಕರೆದುಕೊಡುತ್ತೇನೆ ಎಂದಳು. ನಾನು ಒಪ್ಪಲಿಲ್ಲ, ನಾನೇ ಎಡಪಕ್ಕೆಗೆ ಕೂತು ಕರೆಯುತ್ತೇನೆ ಎಂದೆ. ಆಗ ಅವಳು, "ಅತ್ತೆ, ಕೋಪ ಮಾಡ್ಕೊಬೇಡಿ, ಆ ಕಡೆ ಮಾತ್ರ ಕೂರ್ಬೇಡಿ. ಅದಕ್ಕೆ ರೂಢಿ ಇಲ್ಲ, ಒದ್ಬುಡ್ತದೆ" ಎಂದಳು. ನಾನು, "ನಾನು ಹಸು ಕರೆಯಕ್ಕೆ ಕೂತಾಗ ನೀನಿನ್ನೂ ಹುಟ್ಟೇ ಇರ್ಲಿಲ್ಲ. ನಿನ್ನಂಗೆ ಹಸೂನೂ ಎಡಚಿ ಮಾಡಿಟ್ಟಿದ್ದೀಯ" ಎಂದು ತಂಬಿಗೆ ಕಿತ್ತುಕೊಂಡೆ. ಕರುವಿನ ಹಗ್ಗ ಹಿಡಿದುಕೊಂಡು ಅವಳು ನನ್ನ ಹಿಂದೆ ನಾಲ್ಕಡಿ ದೂರದಲ್ಲಿ ನಿಂತಳು.

ನಾನು ಎಡಪಕ್ಕೆಗೆ ಕೂತು ಕೆಚ್ಚಲಿಗೆ ಕೈ ಹಾಕಿದೆ. ಚುಕ್ಕಿ ಮೈ ನಡುಗಿಸಿತು. ಹಾಗೆ ನಡುಗಿದಾಗ ಎದ್ದುಬಿಡಬೇಕು ಎಂದು ನೂರು ಜನಕ್ಕೆ ಹೇಳಿಕೊಟ್ಟವಳು ನಾನು, ಏಳಲಿಲ್ಲ. ಅದರ ಎಡಗಾಲಿನ ಒದೆ ನನ್ನ ಬಲಗೆನ್ನೆಗೆ ಬಿತ್ತು. ನಾನು ಬಲಗೈ ಊರಿ ಬಿದ್ದೆ, ಮಣಿಕಟ್ಟು ಲಟಕ್ಕೆಂದಿತು. ಹಸು ಗಾಬರಿಯಾಗಿ ಮತ್ತೆ ಕಾಲು ಎತ್ತಿತು. ಗೊರಸು ನನ್ನ ಹಣೆಯ ನೇರಕ್ಕೇ ಕಂಡಿತು. ಅಷ್ಟರಲ್ಲಿ ಹಿಂದಿನಿಂದ ಒಂದು ಕೈ ನನ್ನ ಎಡಭುಜ ಹಿಡಿದು ದರದರ ಎಳೆಯಿತು. ಎರಡನೇ ಒದೆ ತಂಬಿಗೆಗೆ ಬಿದ್ದು ತಂಬಿಗೆ ನಜ್ಜುಗುಜ್ಜಾಯಿತು. ಅದು ಈಗಲೂ ಕೊಟ್ಟಿಗೆಯಲ್ಲಿದೆ, ಬೇಕಾದರೆ ಜಪ್ತಿ ಮಾಡಿಕೊಳ್ಳಬಹುದು.

ಸದ್ದು ಕೇಳಿ ಓಡಿಬಂದ ನನ್ನ ಮಗ ಕಂಡದ್ದು ಇಷ್ಟೇ: ನಾನು ನೆಲದ ಮೇಲೆ, ಕೆನ್ನೆ ಊದಿದೆ, ಅವನ ಹೆಂಡತಿಯ ಕೈ ನನ್ನ ಭುಜದ ಮೇಲಿದೆ.

ಎಸ್ಟೇಟಿನ ಪಿಕಪ್‌ನಲ್ಲೇ ನನ್ನನ್ನು ಆಸ್ಪತ್ರೆಗೆ ತಂದರು. ವಿಷಯ ತಿಳಿದು ಆಲೂರಿನಿಂದ ಜವರಯ್ಯ ಬಂದ. ಏಟು ಹೇಗಾಯಿತು ಎಂದು ಡಾಕ್ಟರು ಕೇಳಿದಾಗ ನಾನು ಸುಮ್ಮನಿದ್ದೆ. ಮಾತನಾಡಿದರೆ ನೋಯುತ್ತಿತ್ತು ಎಂಬುದು ನಿಜ. ಅದಕ್ಕಿಂತ ನಿಜವೆಂದರೆ ನಾಚಿಕೆ. ಊರಲ್ಲಿ ಯಾರ ಹಸು ಒದ್ದರೂ ದೇವೀರಮ್ಮನನ್ನು ಕರೆಯಿರಿ ಎನ್ನುತ್ತಾರೆ. ಅಂಥವಳಿಗೆ ಸ್ವಂತ ಮನೆಯ ಹಸು ಒದೆಯಿತು ಎಂದು ಯಾವ ಬಾಯಲ್ಲಿ ಹೇಳಲಿ? ನಾನು ಬಿಟ್ಟ ಜಾಗವನ್ನು ಜವರಯ್ಯ ತುಂಬಿದ.

ಜವರಯ್ಯನಿಗೆ ಟಿ.ವಿ.ಯಲ್ಲಿ ಕೊಲೆ, ಸುಲಿಗೆಯ ಕಾರ್ಯಕ್ರಮ ನೋಡುವ ಚಟ. ಅವನು ನನ್ನ ಮುಖ ನೋಡಿ, ಎದುರು ನಿಂತು ಬಲಗೈಯಲ್ಲಿ ಹೊಡೆದರೆ ಏಟು ಎಡಗೆನ್ನೆಗೆ ಬೀಳಬೇಕು, ಇಲ್ಲಿ ಬಲಗೆನ್ನೆ ಊದಿದೆ, ಆದ್ದರಿಂದ ಹೊಡೆದವರು ಎಡಚರು, ಮನೆಯಲ್ಲಿ ಎಡಚರು ಒಬ್ಬರೇ ಎಂದ. ಭುಜದ ಮೇಲಿನ ಉಗುರಿನ ಗೀರುಗಳನ್ನೂ ಮೊಬೈಲಿನಲ್ಲಿ ಫೋಟೋ ತೆಗೆದ. ಲೆಕ್ಕ ತಪ್ಪಿಲ್ಲ, ಸತ್ಯ ಬೇರೆ ಇದೆ. ತನ್ನ ಮಗಳು ಬಿಂದುಶ್ರೀಯನ್ನು ದೇವೇಂದ್ರನಿಗೆ ತರಲಿಲ್ಲವೆಂಬ ಅಸಮಾಧಾನ ಅವನಿಗೆ ಮೊದಲಿನಿಂದ ಇದೆ. ಅದು ಈ ಪ್ರಕರಣಕ್ಕೆ ಸಂಬಂಧವಿಲ್ಲವೆಂದು ಹೆಡ್ ಕಾನ್ಸ್‌ಟೇಬಲ್ ರವರು ಹೇಳಿದರು. ನನಗೆ ಸಂಬಂಧವಿದೆ ಅನ್ನಿಸುತ್ತದೆ, ಬರೆದುಕೊಳ್ಳಿ ಎಂದೆ.

ಅಂದು ಮಧ್ಯಾಹ್ನ ವಾರ್ಡಿನ ಬಾಗಿಲಲ್ಲಿ ನನ್ನ ಮಗ ಚೈತ್ರಶ್ರೀಯನ್ನು, "ಯಾವ ಕೈಲಿ ಹೊಡ್ದೆ ಹೇಳು" ಎಂದು ಕೇಳಿದ. ಹೊಡೆದೆಯಾ ಎಂದು ಕೇಳಲಿಲ್ಲ, ಯಾವ ಕೈ ಎಂದು ಕೇಳಿದ. ಅವಳು ಎರಡೂ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡು ನನ್ನ ಕಡೆ ನೋಡಿದಳು. ನಾನೊಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ನಾನು ಗೋಡೆಯ ಕಡೆ ತಿರುಗಿ ಮಲಗಿದೆ. ಸಂಜೆ ಅವನು ಅವಳನ್ನು ಬಿಸಿಲೆಗೆ, ತವರುಮನೆಗೆ ಬಿಟ್ಟುಬಂದ. ಮಾರನೇ ದಿನ ಜವರಯ್ಯ ಠಾಣೆಗೆ ದೂರು ಕೊಟ್ಟ.

ಅಂದಿನಿಂದ ಚುಕ್ಕಿ ಯಾರಿಗೂ ಹಾಲು ಕೊಟ್ಟಿಲ್ಲ. ಕರು ಕುಡಿದಷ್ಟು ಕುಡಿದು ಬಿಡುತ್ತದೆ, ಉಳಿದದ್ದು ಕೆಚ್ಚಲಲ್ಲೇ ಕಟ್ಟುತ್ತಿದೆ. ಗಂಗಾಮಣಿ ಎಡಪಕ್ಕೆಗೆ ಕೂತಳು, ಒದೆ ಮಂಡಿಗೆ ಬಿತ್ತು. ನಿನ್ನೆ ಬೆಳಿಗ್ಗೆ ದೇವೇಂದ್ರ ಹೆಂಡತಿಯ ಸ್ವೆಟರ್ ಹಾಕಿಕೊಂಡು, ಅವಳ ಟವಲ್ಲನ್ನು ತಲೆಗೆ ಕಟ್ಟಿಕೊಂಡು, ಹಸು ಅವಳೇ ಅಂದುಕೊಳ್ಳಲೆಂದು ಕೊಟ್ಟಿಗೆಗೆ ಹೋಗಿದ್ದಾನೆ. ಮೊದಲು ಎಡಪಕ್ಕೆಗೆ ಕೂತು ತೊಡೆಗೆ ಒದೆ ತಿಂದ. ಆಮೇಲೆ ಅವಳು ಕೂರುವ ಬಲಪಕ್ಕೆಗೆ ಕೂತ. ಅಲ್ಲಿ ಚುಕ್ಕಿ ಒದೆಯಲಿಲ್ಲ, ಅಲುಗಾಡದೆ ನಿಂತಿತಂತೆ. ಆದರೆ ಅವನ ಬಲಗೈ ಆ ಬದಿಯಿಂದ ಓಡಲಿಲ್ಲ, ಹಾಲೂ ಇಳಿಯಲಿಲ್ಲ. ಕೆಚ್ಚಲು ಬಾವು ಶುರುವಾಗಿದೆ, ಪೂರ್ತಿ ಹಿಂಡಿ ತೆಗೆಯದಿದ್ದರೆ ಮೊಲೆ ಕೆಡುತ್ತದೆ ಎಂದು ದನದ ಡಾಕ್ಟರು ಹೇಳಿದ್ದಾರೆ.

ಇದನ್ನು ಅವನು ಇವತ್ತು ಬೆಳಿಗ್ಗೆ ನನ್ನ ಮಂಚದ ಪಕ್ಕ ಕೂತು ಹೇಳಿದ. ಸ್ವೆಟರಿನ ಮಾತಿಗೆ ನನಗೆ ನಗು ಬಂದು ದವಡೆ ನೋಯಿತು. ಅವನು ನಗಲಿಲ್ಲ. "ಅವ್ವಾ, ಆ ಕಡೆ ಕೂತ್ರೆ ಹಸು ಯಾಕೆ ಸುಮ್ನೆ ನಿಂತ್ಕೊತದೆ? ನಿಂಗೆ ಬಲಕ್ಕೆ ಯಾಕೆ ಏಟು ಬಿತ್ತು? ನೀನು ಯಾವ ಕಡೆ ಕೂತಿದ್ದೆ?" ಎಂದ. ನಾನು ಅತ್ತುಬಿಟ್ಟೆ. ಎಲ್ಲವನ್ನೂ ಹೇಳಿದೆ. ಅವನು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತ. ಅಲ್ಲಿಂದಲೇ, ಬಿಸಿಲೆಗೆ ಫೋನ್ ಮಾಡಿದರೆ ಅವಳು ಎತ್ತುತ್ತಿಲ್ಲವೆಂದು ಹೇಳಿದ.

ಇವತ್ತು ಹನ್ನೊಂದು ಗಂಟೆಗೆ ಜವರಯ್ಯ ಬಂದು, "ಅಕ್ಕ, ಪೊಲೀಸ್ನೋರು ಬತ್ತಾರೆ. ನೀನೇನೂ ಮಾತಾಡ್ಬೇಡ, ನಾ ಹೇಳಿದ್ದಕ್ಕೆ ತಲೆ ಆಡ್ಸು ಸಾಕು" ಎಂದು ಹೇಳಿಕೊಟ್ಟ. ನನ್ನ ತಲೆ ನನ್ನ ಮಾತು ಕೇಳುತ್ತದೆ ಎಂದು ಹೇಳಿ ಅವನನ್ನು ಹೊರಗೆ ಕಳುಹಿಸಿದ್ದೇನೆ. ಈಗ ವರಾಂಡದಲ್ಲಿದ್ದಾನೆ. ಅವನು ನನ್ನ ಒಡಹುಟ್ಟಿದವನು, ನನ್ನ ಮೇಲಿನ ಪ್ರೀತಿಯೂ ಸುಳ್ಳಲ್ಲ. ಆದರೂ ಈ ದೂರು ಸುಳ್ಳು.

ಆದ್ದರಿಂದ ಚೈತ್ರಶ್ರೀ ನನ್ನನ್ನು ಹೊಡೆದಿಲ್ಲ, ತಳ್ಳಿಲ್ಲ. ಭುಜದ ಮೇಲಿನ ನಾಲ್ಕು ಗೀರು ಅವಳದ್ದೇ, ಎಡಗೈಯವೇ. ಆ ಗೀರು ಇಲ್ಲದಿದ್ದರೆ ಹಣೆ ಒಡೆದು ನಾನು ಈ ಹೇಳಿಕೆ ಕೊಡಲು ಇರುತ್ತಿರಲಿಲ್ಲ. ಅವಳ ಮೇಲೆ ಕೇಸು ಮಾಡಬಾರದು. ಅವಳನ್ನು ವಿಚಾರಿಸಲು ನಾಳೆ ಬಿಸಿಲೆಗೆ ಜೀಪು ಹೋಗುತ್ತದೆಂದು ತಿಳಿಯಿತು. ಜೀಪು ಆ ಮನೆಯ ಮುಂದೆ ನಿಂತರೆ ಅವಳ ಮರ್ಯಾದೆಯನ್ನು ನಾನು ಯಾವ ಕೈಯಿಂದಲೂ ತಂದುಕೊಡಲಾರೆ. ಹೋಗಬೇಡಿ. ಡಾಕ್ಟರು ಬಿಟ್ಟರೂ ಬಿಡದಿದ್ದರೂ ನಾನೇ ಮಗನನ್ನು ಕರೆದುಕೊಂಡು ಹೋಗಿ ಕೇಳುತ್ತೇನೆ. ಬರುವುದು, ಬಿಡುವುದು ಅವಳ ಇಷ್ಟ. ಬಂದರೆ ಹುತ್ತದ ಹಾಲನ್ನು ಅವಳೇ ಕರೆಯಲಿ. ಬಾರದಿದ್ದರೆ ಚುಕ್ಕಿಗೆ ಏನು ಹೇಳಬೇಕೋ ನನಗೆ ಗೊತ್ತಿಲ್ಲ.

ಬರೆದದ್ದನ್ನು ಓದಿಸಿ ಕೇಳಿದ್ದೇನೆ. ನಾನು ಹೇಳಿದ್ದೇ ಇದೆ, ನನಗೆ ತಿಳಿದ ಮಟ್ಟಿಗೆ ಇದರಲ್ಲಿ ಸುಳ್ಳಿಲ್ಲ. ಬಲಗೈಗೆ ಬೆರಳವರೆಗೆ ಪಟ್ಟಿ ಹಾಕಿರುವುದರಿಂದ ಹೆಬ್ಬೆಟ್ಟು ಒತ್ತಿದರೆ ಸಾಕೆಂದು ಹೆಡ್ ಕಾನ್ಸ್‌ಟೇಬಲ್ ರವರು ಹೇಳಿದರು. ನಾನು ಏಳನೇ ಕ್ಲಾಸು ಓದಿದವಳು, ರುಜು ಮಾಡುತ್ತೇನೆ. ಮೂರು ದಿನದಿಂದ ಎಡಗೈಯಲ್ಲೇ ಉಣ್ಣುತ್ತಿದ್ದೇನೆ. ಮೊದಲ ದಿನ ಅನ್ನ ಬಾಯಿಗೆ ಹೋಗದೆ ಸೀರೆಯ ಮೇಲೆ ಬೀಳುತ್ತಿತ್ತು, ಯಾರಾದರೂ ನೋಡುತ್ತಾರೆಂದು ಮುಖ ಮರೆಸಿಕೊಂಡು ತಿಂದೆ. ಈಗ ಅಷ್ಟು ಚೆಲ್ಲುವುದಿಲ್ಲ. ಕೆಳಗಿನ ಅಕ್ಷರ ಸೊಟ್ಟಗಿದೆಯೆಂದು ಯಾರೂ ಅನುಮಾನ ಪಡಬಾರದು. ಎಡಗೈಯಲ್ಲಿ ಬರೆದದ್ದು, ನಾನೇ ಬರೆದದ್ದು.

ಸ್ಥಳ: ಸಕಲೇಶಪುರ
ದಿನಾಂಕ: 17-11-2024

(ಎಡಗೈ ರುಜು)
ದೇವೀರಮ್ಮ