ಉಚ್ಚಂಗೆವ್ವನ ಚಪ್ಪಲಿ

ಬ್ಯಾಡಗಿಯಲ್ಲಿ ಮಧ್ಯಾಹ್ನದಿಂದ ಬಿಡದ ಮಳೆ. ತಗಡಿನ ಶೆಡ್ಡಿನಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದ ನಾವು ಹತ್ತು ಹೆಂಗಸರು, ಸೋರದ ಮೂಲೆ ಹುಡುಕಿ, ಕೆಮ್ಮುತ್ತಲೇ ಮೈಮುನಾಬಿಯ ಸುತ್ತ ಸರಿದೆವು. ಎಪ್ಪತ್ತು ದಾಟಿದ ಮುದುಕಿ. ನಲವತ್ತು ವರ್ಷದ ಖಾರ ಅವಳ ಉಗುರಿನೊಳಗಿತ್ತು. ಹೊಸದಾಗಿ ಬಂದಿದ್ದ ಸುಶ್ಮಿತಾ ಕೇಳಿದಳು: "ಆಯಿ, ಕೋಲ್ಡ್ ಸ್ಟೋರೇಜ್ ಬಾಗಲಾ ಹಾಕೂಮುಂದ ಚಪ್ಪಲಿ ಯಾಕ ಎಣಸ್ತೀರಿ?"

ಮುದುಕಿಯ ಕೈ ನಿಂತಿತು.

"ಕೇಳ್ರವಾ... ಮೆಣಸಿನಕಾಯಿ ಅಂದ್ರ ಲಕ್ಷ್ಮಿ ಅಂತ ಚಪ್ಪಲಿ ಹೊರಗ ಬಿಟ್ಟ ಒಳಗ ಹೋಗತೇವಿ, ಹೌದಿಲ್ಲೋ? ಹೊರಗ ಒಂದ ಜೋಡ ಉಳದಿದ್ರ ಒಳಗ ಒಂದ ಜೀವ ಐತಿ ಅಂತ ತಿಳೀಬೇಕು. ಸಾವಕಾರ ಚನ್ನೇಶಗೂ ಇದು ಗೊತ್ತಿತ್ತು. ಆದ್ರ ಮೂರ ವರ್ಷದ ಹಿಂದ, ಆ ಬ್ಯಾಸಗ್ಯಾಗ ಅವಗ ಗಡಿಬಿಡಿ... ಹೆಂಡ್ತಿ ನಿರ್ಮಲಾನ್ನ ಕರಕೊಂಡು ಕಾರವಾರಕ್ಕ ಹೊಂಟಿದ್ದ, ಇಬ್ಬರ ಎರಡ ದಿನ ಆರಾಮ ಇದ್ದ ಬರಾಕ. ನಾವೆಲ್ಲಾ ಮನಿಗೆ ಹೋಗಿದ್ವಿ. ಬಾಗಲಾ ಮುಂದ ನಮ್ಮ ಜೋಡಿ ದುಡೀತಿದ್ದ ಉಚ್ಚಂಗೆವ್ವನ ಚಪ್ಪಲಿ ಇದ್ದವು, ಉಂಗುಟ ಹರದು ಪಿನ್ನ ಹಾಕಿದ್ದಳು. ಸಾವಕಾರ ಅವನ್ನ ಗಟಾರಕ್ಕ ಒದ್ದ, ಕೀಲಿ ಹಾಕಿದ. ಒಳಗ ಆಕಿ ಕಸಾ ಹೊಡೀತಿದ್ದಳು, ತೆಳ್ಳನ್ನ ಸೀರಿ ಮ್ಯಾಲ... ಒಬ್ಬಂಟಿ ಹೆಣ್ಮಗಳು, ಹುಡುಕಾವ್ರ ಯಾರು?

"ಹಿಂದ ಪರಂಗಿ ಮಂದಿ ಹಡಗಿನಾಗ ಮೆಣಸ ಹೇರಕೊಂಡ ಹೋಗತಿದ್ರಂತಲ್ಲಾ, ಆ ಕೊಲ್ಲಿ ದಂಡ್ಯಾಗ ಗಂಡಾ ಹೆಂಡ್ತಿ ಖೋಲಿ ಹಿಡದಿದ್ರು. ಸಂಜೀಕ ಎಳನೀರ ಕುಡದ ಬಂದ ನೋಡ್ತಾರ, ಹೊಸ್ತಲ ಮುಂದ ಅವ ಚಪ್ಪಲಿ. ಪಿನ್ನ ಸಹಿತ. 'ಇವು ಉಚ್ಚಂಗೆವ್ವನ್ವಲ್ರಿ, ಒಂದ ಫೋನ ಹಚ್ಚರಿ' ಅಂದಳಂತ ನಿರ್ಮಲಾ. 'ಎರಡ ದಿನಾರ ಆ ಹೊಲಸ ಮಂದಿ ಹೆಸರ ತಗೀಬ್ಯಾಡ' ಅಂದವನ ಸಮುದ್ರಕ್ಕ ಒಗದ. ಆಗಿನ್ನೂ ಜೀವ ಇತ್ತವಾ ಆಕಿಗೆ... ಬಾಗಲಾ ತಗೀರಿ ಅಂತ ಬೇಡಾಕ ಬಂದಿದ್ದಳು. ಮರುದಿನ ಬಂದದ್ದು ಬೇಡಾಕ ಅಲ್ಲ.

"ಮಟಮಟ ಮಧ್ಯಾಹ್ನ, ಕಾಲ ಸುಡೂ ಉಸುಕಿನಾಗ ಸಾವಕಾರ ಸೆಟದ ಕುಂತಿದ್ದ. ರೆಪ್ಪಿ ಮ್ಯಾಲ ಬರ್ಫ. ಹತ್ತೂ ಉಗುರ ಕಿತ್ತಿದ್ವು, ಕಬ್ಬಿಣದ ಬಾಗಲಾ ಕೆರದಂಗ... ಆ ಬಯಲಾಗ ಯಾವ ಬಾಗಲಾ ಇತ್ತವಾ? ನಿರ್ಮಲಾ ನನ್ನ ಮುಂದ ಕುಂತ ಹೇಳ್ಯಾಳ.

"ಅವನ ತಮ್ಮ ಪೊಲೀಸರ ಮುಂದ ಏನ ಬರಸಿದ ಗೊತ್ತೇನ? ಉಚ್ಚಂಗೆವ್ವ ಕಳವಿಗೆ ಹೊಕ್ಕ ಥಂಡ್ಯಾಗ ಸಿಕ್ಕೊಂಡ ಸತ್ತಳು, ಅಣ್ಣ ಹಾರ್ಟ್ ಅಟ್ಯಾಕಿಲೆ ಸತ್ತ ಅಂತ. ಇವರ ಮೆಣಸಿನಕಾಯಿ ಘಾಟಿಗೆ ಎದಿ ಸುಟಗೊಂಡವ್ರು ನಾವು, ಕಳ್ಳರೂ ನಾವ."

ಮೈಮುನಾಬಿ ಮತ್ತೆ ತೊಟ್ಟು ಮುರಿಯತೊಡಗಿದಳು.

"ನಾಳೆ ಆ ತಮ್ಮನೂ ಹೆಂಡ್ತಿ ಕರಕೊಂಡು ಅದ ಕೊಲ್ಲಿಗೆ ಹೊಂಟಾನ. ಇವತ್ತ ಮುಂಜಾನೆ ಅವನ ಕಾರಿನ ಬಾಗಲ ಬುಡಕ ಪಿನ್ನ ಹಾಕಿದ ಚಪ್ಪಲಿ ಇದ್ದವು... 'ಇವ್ಯಾರವು ಮೈಮುನಾ?' ಅಂತ ನನ್ನ ಕೇಳಿದ.

"'ಗೊತ್ತಿಲ್ರಿ ಸಾವಕಾರ್ರ' ಅಂದೆ."