ತಂಪಿನ ಕೋಣಿ ಕಿಡಕಿ

ಬ್ಯಾಡ್ರಿ ಗೋದಾಬಾಯಾರ, ಚಹಾ ಬ್ಯಾಡ. ಕುಂದರ್ರಿ ನೀವು. ಅಲ್ಲ... ಯಾಕ ಹಂಗ ಬಾಗಲಾ ನೋಡಾಕತ್ತೀರಿ? ನನ್ನ ಕೂಡ ಯಾರೂ ಬಂದಿಲ್ಲ. ಒಬ್ಬಾಕೀನ ಬಂದೇನಿ, ಗಿರಣಿಯಿಂದ ಬೆಂಗೇರಿ ನಿಮ್ಮ ಮನಿತನಾ ನಡಕೋತ. ಟಾಂಗಾದಾಗ ಕುಂದ್ರೂ ಮನಸು ಇರ್ಲಿಲ್ಲ.

ಹೇಳ್ತೇನಿ, ತಡೀರಿ. ನಾಳೆ ವಿಚಾರಣಿಗೆ ಕರದಾರ ನನ್ನ. ಮಾಲಕರು ಇರ್ತಾರ, ಮುಂಬೈ ಎಂಜಿನಿಯರು ಇರ್ತಾರ. ಅವರ ಮುಂದ ಏನೇನ ಹೇಳಬೇಕಂತ ಮಾಡೇನಿ, ನೀವೊಮ್ಮಿ ಕೇಳ್ರಿ. ತಪ್ಪಿದ್ರ ತಿದ್ದ್ರಿ. ನನಗ ಕೆಲಸಾ ಕಲಿಸಿದವರು ನೀವ ಅಲ್ಲೇನು?

"ಸಾಹೇಬ್ರ, ನಾ ಶಿವಲಿಂಗವ್ವ, ಅಮ್ಮಿನಬಾವಿಯಾಕಿ. ಗಿರಣಿ ಲೆಕ್ಕದ ಮಷೀನಿನ ಕೋಣ್ಯಾಗ ಮಂದಿ ಹಾಜರಿ ಕಾರ್ಡಿಗೆ ತೂತು ಹೊಡಿಯೂ ಕೆಲಸಾ ನಂದು, ಆ ತೂತು ಓದೇ ಮಷೀನು ಲೆಕ್ಕಾ ಮಾಡ್ತೈತಿ. ಗೋದಾಬಾಯಾರು ನಮ್ಮ ಮ್ಯಾಲಿನವರು..."

ಯಾಕ ನಗತೀರಿ? ಸಾಲ್ಯಾಗ ಪಾಠಾ ಒಪ್ಪಿಸಿದಂಗ ಆತೇನು? ಆಗ್ಲಿ ಬಿಡ್ರಿ. ಕೇಳ್ರಿ.

"ಆ ಮಷೀನಿಗೆ ಸೆಕಿ ಆಗಿ ಬರೂದಿಲ್ಲ ಸಾಹೇಬ್ರ. ಎಪ್ಪತ್ತು ಡಿಗ್ರಿ ಫ್ಯಾರನ್‌ಹೀಟ್ ಕೆಳಗ ಇಳೀಬಾರದು, ಎಪ್ಪತ್ತೈದು ದಾಟಬಾರದು ಅಂತ ನೀವ ಗ್ವಾಡಿಗೆ ಕಾಗದ ಹಚ್ಚೀರಿ. ಗಾಳ್ಯಾಗ ಹಸಿ ಹೆಚ್ಚಾದ್ರ ಕಾರ್ಡು ಉಬ್ಬತಾವು. ಒಣಾ ಆದ್ರ ಒಂದಕ್ಕೊಂದು ಅಂಟ್ಕೋತಾವು. ಅದಕ್ಕಂತ ತಂಪು ಮಾಡೂ ಪೆಟ್ಟಿಗಿ ಎರಡು ಕೂಡಿಸೀರಿ. ಎರಡೂ ನಡದ್ರನ ಮಷೀನು ಸುದ್ದ ಇರೂದು. ಅದರಾಗ ಒಂದು, ಮ್ಯಾನೇಜರ ಸಾಹೇಬ್ರ ಮಗಳ ಲಗ್ನಕ್ಕ, ಅವರ ಬಂಗ್ಲೆಕ್ಕ ಹೋತು. ಕೈಗಾಡಿ ಮ್ಯಾಲ ಹೋತು. ನಾ ಕಣ್ಣಾರೆ ನೋಡೇನಿ."

ಹಿಂಗ ಹೇಳಬಾರದೇನು? ಯಾಕ? ಸಾಹೇಬ್ರ ಹೆಸರು ತರಬಾರದು?... ಮತ್ತ ಯಾರ ಹೆಸರು ತರ್ಲಿ?

ಪೆಟ್ಟಿಗಿ ಹೋದ ದಿನಾನ ನಾ ನಿಮಗ ಹೇಳಿದ್ನಿಲ್ಲ, ಬಾಯಾರ, ಗ್ವಾಡಿ ಮ್ಯಾಲಿನ ಕಾಗದದಾಗ ಹಿಂಗ ಬರದೈತಿ ಅಂತ? ನೀವು ಏನಂದ್ರಿ? "ಕಾಗದ ಓದ್ಕೋತ ಕುಂತ್ರ ನೌಕರಿ ಉಳೀತದೇನು ಶಿವಲಿಂಗಾ? ಸೆಕಿ ಆದ್ರ ಕಿಡಕಿ ತಗೀ. ನಾ ಇದ್ದೇನಿ." ಅಂದ್ರೋ ಇಲ್ಲೋ? ಹೂಂ. ನೆನಪೈತಿ ನಿಮಗ. ಅಷ್ಟ ಸಾಕು.

ಸೆಕಿ ಆತ್ರಿ. ಭಾಳ ಆತು. ಮೇ ತಿಂಗಳಂದ್ರ ಕೇಳ್ತೀರೇನು! ಒಂದ ಪೆಟ್ಟಿಗಿ ಎಷ್ಟಂತ ತಂಪು ಮಾಡೀತು? ನಮ್ಮ ಕೋಣ್ಯಾಗಿನ ಸತ್ಯವ್ವ ಕುಂದ್ರೂದು ಮಷೀನಿನ ಬೆನ್ನಿಗೆ. ಬಿಸಿಗಾಳಿ ಎಲ್ಲಾ ಅಕೀ ಮ್ಯಾಲನ ಬರ್ತೈತಿ. ಅದರಾಗ ತುಂಬಿದ ಬಸರಿ. ಕಾರ್ಡು ಜೋಡಿಸ್ಕೋತ ಜೋಡಿಸ್ಕೋತ ಹಂಗ ಮೇಜಿನ ಮ್ಯಾಲ ಒರಗಿಬಿಟ್ಲು. ನಾ ಏನ ಮಾಡ್ಲಿ? ಓಡಿ ಹೋಗಿ ಕಿಡಕಿ ತಗದ್ನಿ. ನೀವ ಹೇಳಿದ್ರಿ, ತಗದ್ನಿ.

ಸಂಜಿ ಮುಂದ ಅಡ್ಡಮಳಿ ಬಂತು. ಕಿಡಕಿ ಹಾಕೂದರಾಗ ಕೋಣಿ ತುಂಬ ಹಸಿಗಾಳಿ! ಮರುದಿನಾ ಮಷೀನು ಚಾಲೂ ಮಾಡಿದ್ರ... ಅಯ್ಯ ಶಿವನ, ಆ ಸಪ್ಪಳಾ ಇನ್ನೂ ಕಿವ್ಯಾಗ ಐತಿ. ಉಬ್ಬಿದ ಕಾರ್ಡು ಒಳಗ ಸಿಕ್ಕೊಂಡು ಚಿಂದಿ ಚಿಂದಿ. ಇಡೀ ಗಿರಣಿ ಮಂದಿ ಹಾಜರಿ ಲೆಕ್ಕಾ ಹೋತು, ಪಗಾರ ನಿಂತು. ಗೇಟಿನ್ಯಾಗ ಮಂದಿ ನಿಂತು ನನ್ನ ಹೆಸರ ಹಿಡದು ಬೈಯಾಕತ್ರು. ಅಷ್ಟರಾಗ ಲಗ್ನ ಮುಗದು ಪೆಟ್ಟಿಗಿ ತಿರುಗಿ ಬಂದು ಕುಂತೈತಿ, ಎಲ್ಲೂ ಹೋಗೇ ಇಲ್ಲ ಅನ್ನೂಹಂಗ!

ಸತ್ಯವ್ವ ತವರಮನಿಗೆ ಹೋಗ್ಯಾಳ. ನೀವು ಆ ಮಾತು ಹೇಳಿದಾಗ ಇದ್ದವರು ಇಬ್ರ, ನೀವು, ನಾನು. ನಾಳೆ ಬಂದು ಒಂದ ಮಾತು ಹೇಳ್ರಿ ಬಾಯಾರ. "ನಾನ ತಗೀ ಅಂದಿದ್ದೆ." ಅಷ್ಟ. ನಿಮ್ಮನ್ನ ಯಾರೂ ಏನೂ ಅನ್ನೂದಿಲ್ಲ, ನೀವು ಭಾಳ ದಿನದವರು...

ಯಾಕ ಎದ್ರಿ? ಚಹಾ ಬ್ಯಾಡ ಅಂದ್ನೆಲ್ಲ, ಕುಂದರ್ರಿ.

ಅಂದಂಗ ಇವತ್ತ ನೀವು ಗಿರಣಿ ಕಡೆ ಬಂದಿರ್ಲಿಲ್ಲಂತ? ಮೈಯಾಗ ನೆಟ್ಟಗ ಇರ್ಲಿಲ್ಲೇನು?... ಹೂಂ. ದಿನಾ ಪೂರ್ತಿ ಮನ್ಯಾಗ ಇದ್ರಿ. ಎಲ್ಲೂ ಹೋಗ್ಲಿಲ್ಲ.

ಬಾಯಾರ, ಇನ್ನೊಮ್ಮಿ ಕೇಳ್ತೇನಿ. ನನ್ನ ಮಾರಿ ನೋಡಿ ಹೇಳ್ರಿ. ಎಲ್ಲೂ ಹೋಗ್ಲಿಲ್ಲ?

...

ಮತ್ತೂ ಎಲ್ಲೂ ಹೋಗ್ಲಿಲ್ಲ ಅಂದ್ರಿ. ನಾಳೆ ವಿಚಾರಣಿ ಇಲ್ರಿ. ಇವತ್ತ ಮುಗದೈತಿ. ಸಾಹೇಬ್ರ ಕೋಣಿ ಹೊರಗ ಬೆಂಚಿನ ಮ್ಯಾಲ ನಾ ಕುಂತಿದ್ನಿ. ಒಳಗ ಸೆಕಿ ಅಂತ ಬಾಗಲಾ ತಗದಿಟ್ಟಿದ್ರು. ನಿಮ್ಮ ಧ್ವನಿ ನನಗ ಗುರುತು ಹತ್ತೂದಿಲ್ಲೇನು? "ಹಳ್ಳಿ ಹುಡಿಗಿ ಸಾಹೇಬ್ರ, ಸೆಕಿ ತಡೀಲಾರದ ಕಿಡಕಿ ತಗದಾಳ. ನಾ ಎಷ್ಟು ಹೇಳಿದ್ರೂ ಕೇಳ್ಲಿಲ್ಲ."

ನೀವು ಆ ಕಡೆ ಬಾಗಲದಿಂದ ಹೋದ ಮ್ಯಾಲ ನನ್ನ ಕರದ್ರು. ಏನೂ ಕೇಳ್ಲಿಲ್ಲ. ನಾಳಿಂದ ಬರಬ್ಯಾಡ ಅಂದ್ರು.

ನೌಕರಿ ಹೋತು, ಹೋಗ್ಲಿ. ಸುಳ್ಳು ಹೇಳಿದ್ರಿ, ಅದೂ ಹೋಗ್ಲಿ, ನಿಮಗೂ ಹೊಟ್ಟಿ ಐತಿ. ಸೆಕಿ ತಡೀಲಾರದ! ನಡು ಬ್ಯಾಸಗ್ಯಾಗ ಬರಿಗಾಲಿಲೆ ಹೊಲದಾಗ ಮಣ್ಣಿನ ಹೆಂಟಿ ಒಡದಾಕಿ ನಾ! ನನಗ ಸೆಕಿ ತಡಿಯಾಕ ಬರೂದಿಲ್ಲಂತ... ನೀವು ಹೇಳ್ತೀರಿ! ಐದು ವರ್ಷ ಒಂದ ಡಬ್ಬ್ಯಾಗ ಉಂಡವರು ನೀವು ಹೇಳ್ತೀರಿ!

ಮತ್ತ ಯಾಕ ಬಂದಿ ಅಂತೀರಿ? ನಿಮ್ಮ ಬಾಯಿಲೆ ಕೇಳಾಕ ಬಂದ್ನಿ. "ಹೆದರಿದ್ನಿ ಶಿವಲಿಂಗಾ, ಹಿಂಗ ಅಂದುಬಿಟ್ಟೆ" ಅಂದಿದ್ರ... ದೇವರಾಣಿ, ನಿಮ್ಮ ಕೈ ಹಿಡಕೊಂಡು ಅತ್ತು ಎದ್ದು ಹೋಗತಿದ್ನಿ. ಅದಕ್ಕಂತ ಇಷ್ಟೊತ್ತು ಸುತ್ತಿ ಸುತ್ತಿ ಮಾತಾಡಿದ್ನಿ. ಬಾಗಲಾ ತಗದ ಇಟ್ಟಿದ್ನಿ ನಿಮಗ.

ಬ್ಯಾಡ್ರಿ, ಕಣ್ಣಾಗ ನೀರ ತರಬ್ಯಾಡ್ರಿ ಈಗ. ಕೈ ಬಿಡ್ರಿ.

ಹೋಗ್ತೇನಿ ಬಾಯಾರ. ಬರ್ತೇನಿ ಅನ್ನೂದಿಲ್ಲ.